600 ಎಂ.ಎಂ. ಲೆನ್ಸಿನಲ್ಲಿ ಬೂದು ಬಕದ ಗರಿಗಳು ಮಸುಕಾಗುತ್ತಿವೆ, ಕಾರಣ ತಿಳಿಸಿ

ಕೆರೆಯಂಚು: ಜೌಗಿನಲ್ಲಿ ನಿಂತ ಬೂದು ಬಕ, ದೊಡ್ಡ ಬೆಳ್ಳಕ್ಕಿಗಳನ್ನು 600 ಎಂ.ಎಂ. ಲೆನ್ಸಿನಲ್ಲಿ ತೆಗೆಯುತ್ತಿದ್ದೇನೆ. ಫೋಕಸ್ ಚೌಕ ಕಣ್ಣಿನ ಮೇಲೆಯೇ ಇರುತ್ತದೆ, ಷಟರ್ ವೇಗ 1/2000 ಸೆಕೆಂಡು, ಹಕ್ಕಿಯೂ ಕದಲದೆ ನಿಂತಿರುತ್ತದೆ. ಆದರೂ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಕತ್ತಿನ ಗರಿಗಳು ಒಂದಕ್ಕೊಂದು ಕಲಸಿಹೋಗಿರುತ್ತವೆ. ಅಷ್ಟು ಹೊತ್ತು ಕಾದು ತೆಗೆದ ಚಿತ್ರಗಳು ಹೀಗಾಗುವುದು ತುಂಬಾ ಬೇಸರ ತರಿಸಿದೆ. ಇದು ಲೆನ್ಸಿನ ದೋಷವೇ?

ನೀಳಕೊಕ್ಕು: ಖಂಡಿತವಾಗಿ ಫೋಕಸ್ ಹೊಂದಾಣಿಕೆಯ ದೋಷ. ಅಳತೆಪಟ್ಟಿಯೊಂದನ್ನು ಓರೆಯಾಗಿಟ್ಟು ಚಿತ್ರ ತೆಗೆದು, ಫೋಕಸ್ ಮುಂದೆ ಬಿದ್ದಿದೆಯೋ ಹಿಂದೆ ಬಿದ್ದಿದೆಯೋ ನೋಡಿ, ಮೆನುವಿನ ಫೈನ್ ಟ್ಯೂನ್‌ನಲ್ಲಿ ಸರಿಪಡಿಸಿರಿ.

ಜೊಂಡುಹುಲ್ಲು: ಕ್ಯಾಮೆರಾ ಯಾವ ಬಗೆಯದೆಂದು ತಿಳಿಯದೆ ಹಾಗೆ ಹೇಳಲಾಗದು. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಬಗೆ) ಆಗಿದ್ದರೆ ಚಿತ್ರ ಮೂಡುವ ಸೆನ್ಸರಿನಲ್ಲಿಯೇ ಫೋಕಸ್ ಅಳೆಯಲಾಗುವುದರಿಂದ ಆ ದೋಷಕ್ಕೆ ಎಡೆ ಕಡಿಮೆ. ಹಕ್ಕಿ ಎಷ್ಟು ದೂರದಲ್ಲಿತ್ತು? ಒಂದೇ ಬರ್ಸ್ಟ್‌ನ (ಒಂದರ ಹಿಂದೊಂದು ವೇಗವಾಗಿ ತೆಗೆದ ಸಾಲಿನ) ಎಲ್ಲ ಚಿತ್ರಗಳೂ ಒಂದೇ ಪ್ರಮಾಣದಲ್ಲಿ ಮಸುಕಾಗಿವೆಯೇ?

ಕೆರೆಯಂಚು: ಮಿರರ್‌ಲೆಸ್ ಕ್ಯಾಮೆರಾ. ದೂರ ಸುಮಾರು 80 ಮೀಟರ್. ಒಂದು ಚಿತ್ರದಲ್ಲಿ ಕೊಕ್ಕಿನ ಅಂಚು ನೇರವಾಗಿದ್ದರೆ ಮುಂದಿನದರಲ್ಲಿ ಅಲೆಯಂತೆ ಡೊಂಕಾಗಿದೆ.

ಜೊಂಡುಹುಲ್ಲು: ಹಾಗಾದರೆ ಅದು ಗಾಳಿಯ ಝಳ, ಅಂದರೆ ಹೀಟ್ ಹೇಜ್. ಬಿಸಿ ಮತ್ತು ತಣ್ಣನೆಯ ಗಾಳಿ ಬೆರೆಯುವಲ್ಲಿ ಬೆಳಕು ಕ್ಷಣಕ್ಷಣಕ್ಕೂ ಬೇರೆ ಬೇರೆಯಾಗಿ ಬಾಗುತ್ತದೆ. ಷಟರ್ ವೇಗವನ್ನು ಎಷ್ಟು ಏರಿಸಿದರೂ ಆ ಬಾಗು ಹಾಗೆಯೇ ಸೆರೆಯಾಗುತ್ತದೆ.

ನೀಳಕೊಕ್ಕು: ಮುಂಜಾನೆಯ ಚಳಿಯಲ್ಲಿ ಝಳ ಎಲ್ಲಿಂದ ಬರಬೇಕು? ಒಳಗೆ ಕನ್ನಡಿಯಿರುವ ನನ್ನ ಡಿಎಸ್ಎಲ್ಆರ್‌ಗೆ ಫೈನ್ ಟ್ಯೂನ್ ಮಾಡಿದಂದಿನಿಂದ ಪ್ರತಿ ಗರಿಯೂ ಎಣಿಸುವಂತೆ ಬರುತ್ತಿದೆ.

ಜೊಂಡುಹುಲ್ಲು: ನೀರು ಗಾಳಿಗಿಂತ ನಿಧಾನವಾಗಿ ತಣಿಯುವುದರಿಂದ, ಚಳಿಯ ಮುಂಜಾನೆಯಲ್ಲಿ ಅದು ತನ್ನ ಮೇಲಿನ ಗಾಳಿಗಿಂತ ಬೆಚ್ಚಗಿರಬಹುದು, ಆಗಲೂ ಝಳ ಏಳುತ್ತದೆ. ಬೆಚ್ಚಗಿನ ಕಾರಿನಿಂದ ಆಗಷ್ಟೇ ಹೊರತೆಗೆದ ಲೆನ್ಸಿನ ಮುಂದಿನ ನೆರಳು ಕೊಳವೆಯಾದ ಹುಡ್‌ನೊಳಗೂ ಇದೇ ಆಗುತ್ತದೆ, ಆದ್ದರಿಂದ ಲೆನ್ಸ್ ಹೊರಗಿನ ತಂಪಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಹಕ್ಕಿಯಷ್ಟೇ ದೂರದಲ್ಲಿರುವ ಒಣ ಗೂಟವೊಂದರ ಬರ್ಸ್ಟ್ ತೆಗೆದು, ಬಳಿಕ 15 ಮೀಟರಿನೊಳಗಿನ ಗೂಟದ್ದನ್ನೂ ತೆಗೆದು ಹೋಲಿಸಿರಿ.

ಕೆಸರುದಾರಿ: ನೆಲಕ್ಕೆ ಒರಗಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ತೆಗೆಯುತ್ತಿದ್ದೀರಾ? ಆ ಕೋನ ಸುಂದರ, ಆದರೆ ನೋಟದ ಗೆರೆ ನೀರಿಗೆ ತೀರ ಹತ್ತಿರದ, ಹೆಚ್ಚು ಕಲಕಿದ ಗಾಳಿಯ ಮೂಲಕವೇ ಉದ್ದಕ್ಕೂ ಸಾಗುತ್ತದೆ.

ನೀಳಕೊಕ್ಕು: ಎದ್ದು ನಿಂತರೆ ಬಕ ಹಾರಿಹೋಗುತ್ತದೆ. ತಗ್ಗಿನ ಕೋನವನ್ನು ಬಿಡಿ ಎನ್ನುವುದನ್ನು ನಾನು ಒಪ್ಪಲಾರೆ.

ಕೆರೆಯಂಚು: ಹೌದು, ಮಲಗಿಯೇ ತೆಗೆಯುತ್ತಿದ್ದೆ. ದೂರದ ಗೂಟದ ಅಂಚು ಪ್ರತಿ ಚಿತ್ರದಲ್ಲೂ ಬೇರೆ ಬೇರೆಯಾಗಿ ಡೊಂಕಾಗಿದೆ, ಹತ್ತಿರದ ಗೂಟ ಚೊಕ್ಕವಾಗಿದೆ. ಇನ್ನಷ್ಟು ಹತ್ತಿರ ಹೋಗೋಣವೆಂದರೆ ಆ ಬದಿಯ ಮರಗಳಲ್ಲಿ ಗೂಡುಗಳಿವೆ.

ಜೊಂಡುಹುಲ್ಲು: ಗೂಡಿನತ್ತ ಹೆಜ್ಜೆ ಇಡಲೇಬೇಡಿ; ದೊಡ್ಡ ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಮರಿಗಳು ಕಾವಲಿಲ್ಲದೆ ಉಳಿಯುತ್ತವೆ. ಮೇವು ಹುಡುಕುತ್ತಾ ಹಕ್ಕಿಗಳು ತಾವಾಗಿಯೇ ಬರುವ ಬೇರೊಂದು ಅಂಚಿನಲ್ಲಿ ಮರೆಯೊಳಗೆ ಕುಳಿತುಕೊಳ್ಳಿ. ಮೋಡ ಕವಿದ, ತಂಗಾಳಿ ಬೀಸುವ ದಿನವನ್ನು ಆರಿಸಿಕೊಂಡು, ಉದ್ದನೆಯ ಬರ್ಸ್ಟ್ ತೆಗೆದರೆ ಕೆಲವಾದರೂ ಚೊಕ್ಕ ಚಿತ್ರಗಳು ಸಿಗುತ್ತವೆ.