ಅಪ್‌ಡೇಟ್: ಮೈಸೂರಿನ ‘ಬೇರ್’ ಹಾಸ್ಯಚಿತ್ರದ ಚಿತ್ರೀಕರಣ ಮುಗಿದಿದೆ
ದಪ್ಪ ಮೈಕಟ್ಟು, ಗಡ್ಡ, ಮೈಗೂದಲುಗಳ ಬಗ್ಗೆ ಸಂಕೋಚವಿಲ್ಲದ ಸಲಿಂಗಕಾಮಿ ಪುರುಷರ ‘ಬೇರ್’ ಸಮುದಾಯವು 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡಿತು. ಮೈಸೂರಿನ ಅಂಥವರ ಕುರಿತು ಸ್ವತಂತ್ರ ಹಾಸ್ಯಚಿತ್ರ ಮಾಡುವಾಗ ದೇಹವನ್ನು ಗೇಲಿ ಮಾಡದೆ ನಗಿಸುವುದು ಹೇಗೆ, ಸೆನ್ಸಾರ್ ಪ್ರಮಾಣಪತ್ರ ಬೇಕೇ ಎಂದು ಹಿಂದೆ ಕೇಳಿದ್ದೆ.

ನಿಮ್ಮಲ್ಲಿ ಹಲವರ ಸಲಹೆಯಂತೆ, ನಗು ಸನ್ನಿವೇಶದಿಂದಲೇ ಹುಟ್ಟುವ ಹಾಗೆ ಚಿತ್ರಕಥೆಯನ್ನು ತಿದ್ದಿದೆವು. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವ ನಾಯಕನಿಗೆ ಸೋದರತ್ತೆಯು ಹೆಣ್ಣು ಹುಡುಕುತ್ತ, ‘ಹೊಟ್ಟೆ ಇಳಿಸಪ್ಪಾ, ಗಡ್ಡ ತೆಗೆಯಪ್ಪಾ’ ಎಂದು ಪೀಡಿಸುತ್ತಿದ್ದರೆ, ಅದೇ ಹೊಟ್ಟೆಗೂ ಗಡ್ಡಕ್ಕೂ ಮನಸೋತ ಸಂಗಾತಿಯು ಅವನಿಗೆ ದಿನವೂ ಬೆಣ್ಣೆ ದೋಸೆ ತಿನ್ನಿಸುತ್ತಾನೆ. ಎಲ್ಲರಿಗಿಂತ ಹೆಚ್ಚು ನಗಿಸುವುದು ಆ ಅತ್ತೆಯೇ; ನಾಯಕನಟರು ಮಾತ್ರ ಇದನ್ನು ಒಪ್ಪುವುದಿಲ್ಲ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಚಿತ್ರಮಂದಿರದ ಪ್ರದರ್ಶನಕ್ಕೆ ಪ್ರಮಾಣಪತ್ರ ಕಡ್ಡಾಯ. ಚಿತ್ರೋತ್ಸವಗಳಿಗೆ ವಿನಾಯಿತಿ ಪಡೆಯಲು ಅವಕಾಶವಿದೆ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಅಪರಾಧಮುಕ್ತಗೊಳಿಸಿರುವುದರಿಂದ, ಕಥಾವಸ್ತುವಿಗಿಂತ ಸಂಭಾಷಣೆಯ ಪೋಲಿತನಕ್ಕೇ ಕತ್ತರಿ ಬೀಳಬಹುದೆಂದು ನನಗನಿಸುತ್ತದೆ. ಆದುದರಿಂದ ಮೊದಲು ಚಿತ್ರೋತ್ಸವಗಳಿಗೆ ಕಳುಹಿಸಿ, ಬಳಿಕ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಸೇರಿದ ‘ಯುಎ 16+’ (16 ವರ್ಷದೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ) ದರ್ಜೆಯನ್ನು ಕೋರಲಿದ್ದೇವೆ.