ಗಂಟಲಲ್ಲಿ ಬಿಳಿ ಪೊರೆ: ಗಂಟಲುಮಾರಿ ನೋಡಿದವರು ದಯವಿಟ್ಟು ಹೇಳಿ

ಸಿಂದಗಿ ತಾಯಿ: ಆರು ವರ್ಷದ ಮಗನಿಗೆ ಜ್ವರ, ಗಂಟಲು ನೋವು. ಟಾನ್ಸಿಲ್ ಮೇಲೆ ಬೂದುಬಿಳಿ ಪೊರೆ ಇದೆ. ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು, ದೊಡ್ಡಾಸ್ಪತ್ರೆಗೆ ಹೋಗಿ ಅಂದರು ಡಾಕ್ಟರು. ನಾಳೆ ಬೆಳಿಗ್ಗೆ ಹೊರಡುತ್ತೇವೆ. ಅನುಭವ ಇದ್ದವರು ತಿಳಿಸಿ.

ಮುದ್ದೇಬಿಹಾಳದ ಅಪ್ಪ: ನಾಳೆ ಅನ್ನಬೇಡಿ ತಂಗಿ. ನನ್ನ ಮಗಳ ಜ್ವರ 101 ದಾಟಲೇ ಇಲ್ಲ, ಅದಕ್ಕೇ ಡಾಕ್ಟರು ಬರೀ ಟಾನ್ಸಿಲ್ ಅಂದುಬಿಟ್ಟರು. ಸಿರಪ್ಪು, ಮಾತ್ರೆಗೆ 640 ರೂಪಾಯಿ ಹೋಯಿತು. ಕುತ್ತಿಗೆ ಎರಡೂ ಕಡೆ ಊದಿದ ಮೇಲೆ ಗಾಬರಿಯಾದರು. ಆಂಬುಲೆನ್ಸಿಗೆ 17,000, ಆಕ್ಸಿಜನ್‌ಗೆ ಬೇರೆ 1,500. ಖಾಸಗಿಯವರು 40,000 ಮುಂಗಡ ಕಟ್ಟಿಸಿಕೊಂಡರು, ಆಮೇಲೆ ಎಡಿಎಸ್ (ಡಿಫ್ತೀರಿಯಾ ವಿಷ ತಡೆಯುವ) ಇಂಜೆಕ್ಷನ್ ನಮ್ಮಲ್ಲಿಲ್ಲ ಅಂದರು. ಮೊದಲೇ ಹೇಳೋಕೆ ಏನಾಗಿತ್ತು? ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು. ಈ ರೋಗಾಣು ಬಿಡುವ ವಿಷ ರಕ್ತದಲ್ಲಿ ಓಡಾಡುತ್ತಿದ್ದರಷ್ಟೇ ಅದು ತಡೆಯುತ್ತದೆ. ಜೀವಕೋಶಕ್ಕೆ ಹೊಕ್ಕ ವಿಷಕ್ಕೆ ಏನೂ ಮಾಡಲ್ಲ. ಎಡಿಎಸ್ ಎಲ್ಲಿದೆ ಅಂತ ಫೋನಲ್ಲಿ ಕೇಳಿಕೊಂಡು ಈಗಲೇ ಹೊರಡಿ.

ಸ್ಟಾಫ್ ನರ್ಸ್, ಕಲಬುರಗಿ: ಡಾಕ್ಟರನ್ನ ಬೈಯೋದು ಸುಲಭ ಅಣ್ಣ. ಐದು ವರ್ಷದ ಡಿಪಿಟಿ (ಡಿಫ್ತೀರಿಯಾ ತಡೆಯುವ ಲಸಿಕೆ) ಬೂಸ್ಟರ್ ಹಾಕಿಸಿದ್ರಾ? ನಾನು ನೋಡಿದ ಮಕ್ಕಳಲ್ಲಿ 6, 10, 14 ವಾರದ್ದು ಹಾಕಿಸಿ ನಿಲ್ಲಿಸಿದವರೇ ಜಾಸ್ತಿ. ಎಡಿಎಸ್ ಅಂದರೆ ಕುದುರೆ ಸೀರಮ್. ಅಲರ್ಜಿ ಟೆಸ್ಟ್ ಮಾಡದೆ ಹಾಕೋ ಹಾಗಿಲ್ಲ. ಆದರೆ ಸ್ವ್ಯಾಬ್ (ಗಂಟಲಿನ ದ್ರವದ ಪರೀಕ್ಷೆ) ರಿಪೋರ್ಟಿಗೆ ಕಾಯುತ್ತಾ ಕೂರಲ್ಲ. ಜೊತೆಗೆ ಪೆನಿಸಿಲಿನ್ ಇಲ್ಲವೇ ಎರಿಥ್ರೊಮೈಸಿನ್, 14 ದಿನ. ಪೊರೆ ಕೆರೆಯಬೇಡಿ, ರಕ್ತ ಬರುತ್ತದೆ.

ಮುದ್ದೇಬಿಹಾಳದ ಅಪ್ಪ: ತಾಯಿ ಕಾರ್ಡ್ ನನ್ನ ಕೈಯಲ್ಲೇ ಇದೆ. ಲಸಿಕೆ ಖಾಲಿ ಅಂತ ವಾಪಸ್ ಕಳಿಸಿದ್ದು ನಿಮ್ಮವರೇ. ಕಾರ್ಡಿನಲ್ಲಿ ಆ ಜಾಗ ಖಾಲಿ ಉಳಿದದ್ದಕ್ಕೆ ನಾನು ಹೊಣೆಯಾ?

ರಾಯಚೂರು ಅಕ್ಕ: ನಿಮ್ಮಿಬ್ಬರ ಜಗಳದಲ್ಲಿ ಹೃದಯದ ಮಾತೇ ಬರಲಿಲ್ಲ, ಈ ವಿಷ ಹೃದಯಕ್ಕೂ ಬಡಿಯುತ್ತದೆ. ನನ್ನ ತಮ್ಮನ ಮಗನಿಗೆ ಗಂಟಲಿನ ಪೊರೆ ಬಿಟ್ಟುಹೋಗಿತ್ತು, ಇಡ್ಲಿ ತಿನ್ನುತ್ತಿದ್ದ. ಬಿಲ್ 86,000 ಆಗಿತ್ತು. ಇನ್ನು ಸಾಲ ಮಾಡೋಕಾಗಲ್ಲ ಅಂತ ಮನೆಗೆ ಕರೆತಂದರು. ಎರಡನೇ ವಾರ ಅಂಗಳದಲ್ಲಿ ಆಡುತ್ತಾ ಕುಸಿದ. ಉಳಿಯಲಿಲ್ಲ. ಗಂಟಲು ವಾಸಿಯಾದರೂ ಇಸಿಜಿ ಮಾಡಿಸುತ್ತಿರಿ, ಮಗುವನ್ನ ಓಡಾಡಿಸಬೇಡಿ. ಕುಡಿದ ನೀರು ಮೂಗಿನಿಂದ ಬಂದರೆ, ಅದೂ ಇದೇ ವಿಷದ್ದು.

ಬಳ್ಳಾರಿ ಮಾವ: ನಮ್ಮ ಓಣಿಯಲ್ಲಿ ಸ್ವ್ಯಾಬ್ ತೆಗೆಯೋಕೆ ಬಂದಾಗ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು. ಈ ರೋಗ ಬಂದ ನನ್ನ ಮೊಮ್ಮಗನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಮಕ್ಕಳು ಅವರು! ಆರೋಗ್ಯವಾಗಿ ಕಾಣುವವರ ಗಂಟಲಲ್ಲೂ ಇದು ಇರುತ್ತದೆ. ನಾವು ಮನೆಯವರೆಲ್ಲ ಏಳು ದಿನ ಎರಿಥ್ರೊಮೈಸಿನ್ ನುಂಗಿದೆವು. ಹೊಟ್ಟೆ ಹಿಂಡಿತು, ಆದರೂ ಬಿಡಲಿಲ್ಲ.

ಸ್ಟಾಫ್ ನರ್ಸ್, ಕಲಬುರಗಿ: ಮಾವ ಹೇಳಿದ್ದು ಸರಿ. ರೋಗ ವಾಸಿಯಾದವರಿಗೂ ಲಸಿಕೆ ಬೇಕು, ಒಮ್ಮೆ ಬಂದದ್ದು ಮತ್ತೆ ಬರಲ್ಲ ಅನ್ನೋಹಾಗಿಲ್ಲ. ಅಪ್ಪಾಜಿ, ಲಸಿಕೆ ಖಾಲಿ ಇದ್ದರೆ ಮುಂದಿನ ಗುರುವಾರ ಬನ್ನಿ ಅಂದಿರುತ್ತಾರೆ. ಹೋದ್ರಾ?

ಮುದ್ದೇಬಿಹಾಳದ ಅಪ್ಪ: ಒಂದು ಗುರುವಾರ ಅಂದರೆ ನನಗೆ 600 ರೂಪಾಯಿ ಕೂಲಿ. ಹೋದೆ. ಅವತ್ತೂ ಇರಲಿಲ್ಲ. ಮಗುವಿನ ಕುತ್ತಿಗೆ ಊದಿದ್ದನ್ನ ನೋಡಿದವನು ನಾನು, ನನಗೆ ಪಾಠ ಬೇಡ. ಸಿಂದಗಿ ತಂಗಿ, ಹೊರಟ್ರಾ ಇಲ್ವಾ?