ನಾರ್ಥಂಬರ್ಲ್ಯಾಂಡ್‌ನಲ್ಲಿ ಟೆಂಟ್ ಹಾಕಿಕೊಂಡು ಊರು ನೋಡುವುದು: ಹೋಗಿಬಂದವರ ಮಾತು

ಕೇಳಿದವರು: ಆಗಸ್ಟ್‌ನ ಶಾಲಾ ರಜೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಒಂದು ವಾರ ಇಂಗ್ಲೆಂಡಿನ ಈಶಾನ್ಯದ ನಾರ್ಥಂಬರ್ಲ್ಯಾಂಡ್ ಕೌಂಟಿಯಲ್ಲಿ ಟೆಂಟ್‌ನಲ್ಲಿ ತಂಗಿ, ಹಳೆಯ ಊರುಗಳನ್ನೂ ಕೋಟೆಗಳನ್ನೂ ನೋಡಬೇಕೆಂದಿದ್ದೇವೆ. ಕಾರು ಇದೆ. ಎಲ್ಲಿ ತಂಗಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಇಡೀ ವಾರ ಒಂದೇ ಕಡೆ ತಂಗಬೇಡಿ. ಕರಾವಳಿಯ ಬ್ಯಾಂಬರೊದಿಂದ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ನಡುಭಾಗಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹಿಡಿಯುವುದರಿಂದ, ದಿನವೂ ಹೋಗಿಬರುವಷ್ಟರಲ್ಲೇ ಮಕ್ಕಳು ಸೋತಿರುತ್ತಾರೆ. ಅರ್ಧ ವಾರ ಬ್ಯಾಂಬರೊ ಸುತ್ತಮುತ್ತ, ಉಳಿದರ್ಧ ಗೋಡೆಯ ಹತ್ತಿರದ ಹಾಲ್ಟ್‌ವಿಸಲ್ ಕಡೆ ಇರುವುದು ಮೇಲು. ಎರಡೂ ಕಡೆ ಜಾಗವನ್ನು ಈಗಲೇ ಕಾಯ್ದಿರಿಸಿ.

ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಉಳಿದ ಊರುಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅಲ್ಲಿಗೆ ಹೋಗುವ ರಸ್ತೆ ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗುತ್ತದೆ. ದಾಟಬಹುದಾದ ವೇಳೆಯನ್ನು ಕೌಂಟಿ ಕೌನ್ಸಿಲ್ ಮುಂಚೆಯೇ ಪ್ರಕಟಿಸಿರುತ್ತದೆ. ಆ ವೇಳೆಯನ್ನು ಲೆಕ್ಕಿಸದೆ ನುಗ್ಗಿ ಸಿಕ್ಕಿಬೀಳುವವರಿಗಾಗಿ ದಾರಿಯಲ್ಲಿ ಕಂಬಗಳ ಮೇಲೆ ಒಂದು ಪುಟ್ಟ ಗೂಡನ್ನೇ ಕಟ್ಟಿಟ್ಟಿದ್ದಾರೆ. 635ರಲ್ಲಿ ಸಂತ ಏಡನ್ ಮಠ ಸ್ಥಾಪಿಸಿದ, 793ರಲ್ಲಿ ವೈಕಿಂಗರು ದಾಳಿ ಮಾಡಿದ ನೆಲ ಅದು. ಆದರೆ ಈಗ ಕಾಣುವ ಮಠದ ಅವಶೇಷಗಳು ನಂತರದ ಕಾಲದವು, ಹೆಸರಾಂತ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದನ್ನು ನೋಡುವ ಆಸೆಯಿಂದ ದ್ವೀಪಕ್ಕೆ ಹೋಗಬೇಡಿ.

ಆನಿಕ್ ಕೋಟೆ 1309ರಿಂದ ಪರ್ಸಿ ಮನೆತನದ ಕೈಯಲ್ಲಿದೆ. ಹ್ಯಾರಿ ಪಾಟರ್ ಚಿತ್ರಗಳ ಕೆಲವು ದೃಶ್ಯಗಳನ್ನು ಇಲ್ಲಿ ಚಿತ್ರೀಕರಿಸಿರುವುದರಿಂದ ಮಕ್ಕಳಿಗೆ ಬೇರೆ ಆಮಿಷ ಬೇಕಾಗುವುದಿಲ್ಲ. ಮಳೆ ಹಿಡಿದರೆ ಅದೇ ಊರಿನ ಹಳೆಯ ರೈಲು ನಿಲ್ದಾಣದಲ್ಲಿರುವ ಬಾರ್ಟರ್ ಬುಕ್ಸ್ ಎಂಬ ಪುಸ್ತಕದಂಗಡಿಯಲ್ಲಿ ಅರ್ಧ ದಿನ ಕಳೆಯಬಹುದು.

ಎರಡನೆಯ ಉತ್ತರ: ಗೋಡೆಯ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ. 122ರಲ್ಲಿ ಕಟ್ಟತೊಡಗಿದ ಈ ಗೋಡೆ ಸುಮಾರು 117 ಕಿಲೋಮೀಟರ್ ಉದ್ದವಿದ್ದು, ಅದರುದ್ದಕ್ಕೂ ಇರುವ ಕೋಟೆಗಳನ್ನೆಲ್ಲ ನೋಡಹೊರಟರೆ ದೊಡ್ಡವರಿಗೂ ಬೇಸರವಾಗುತ್ತದೆ. ನನ್ನನ್ನು ಕೇಳಿದರೆ ಗೋಡೆಯ ಸಮೀಪದ ವಿಂಡೋಲಾಂಡಾ ಎಂಬ ರೋಮನ್ ಕೋಟೆಯೊಂದಕ್ಕೇ ಇಡೀ ದಿನ ಕೊಡಿ. ಬೇಸಿಗೆಯಲ್ಲಿ ಅಲ್ಲಿ ಉತ್ಖನನ ನಡೆಯುತ್ತಿರುತ್ತದೆ, ನೆಲ ಅಗೆಯುವವರನ್ನು ಮಕ್ಕಳು ಹತ್ತಿರದಿಂದಲೇ ನೋಡಬಹುದು. 1973ರಿಂದ ಇಲ್ಲಿ ಸಿಗುತ್ತಿರುವ ತೆಳು ಮರದ ಹಲಗೆಗಳ ಮೇಲಿನ ಶಾಯಿ ಬರಹಗಳಲ್ಲಿ, ಯಾರಿಗೋ ಕಾಲುಚೀಲಗಳನ್ನೂ ಒಳಉಡುಪುಗಳನ್ನೂ ಕಳುಹಿಸಿದ ಕಾಗದವೊಂದಿದೆ. ಆ ಬಯಲಿನಲ್ಲಿ ಒಂದು ರಾತ್ರಿ ಟೆಂಟ್‌ನಲ್ಲಿ ಮಲಗಿದವರಿಗೆ ಅದರ ಬೆಲೆ ತಾನಾಗಿ ತಿಳಿಯುತ್ತದೆ. ಹೌಸ್‌ಸ್ಟೆಡ್ಸ್ ಕೋಟೆಗೆ ಕಾರು ನಿಲ್ಲಿಸಿದಲ್ಲಿಂದ ಏರುದಾರಿಯಲ್ಲಿ ನಡೆಯಬೇಕು. ಅಲ್ಲಿನ ರೋಮನ್ ಸೈನಿಕರ ಸಾಮೂಹಿಕ ಶೌಚಾಲಯ ಮಕ್ಕಳಿಗೆ ಬಹಳ ಹಿಡಿಸಿತು. ಹೆಕ್ಸಮ್ ಊರಿನ ಅಬ್ಬೆ ಎಂಬ ಹಳೆಯ ಮಠದ ಚರ್ಚಿನಲ್ಲಿ ಏಳನೆಯ ಶತಮಾನದ ನೆಲಮಾಳಿಗೆಯನ್ನು ರೋಮನ್ ಕಟ್ಟಡಗಳ ಕಲ್ಲುಗಳಿಂದಲೇ ಕಟ್ಟಿದ್ದಾರೆ.

ಮೂರನೆಯ ಉತ್ತರ: ಮೇಲಿನವರು ಗಾಳಿಯ ವಿಷಯ ಹೇಳಲಿಲ್ಲ. ಕರಾವಳಿಯಲ್ಲಿ ಎತ್ತರದ ಟೆಂಟ್ ಬೇಡ, ಗೂಟಗಳನ್ನು ಹೆಚ್ಚಿಗೆ ಒಯ್ಯಿರಿ. ಜಮೀನಿನ ಒಡೆಯರ ಅನುಮತಿ ಇಲ್ಲದೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಲಿಂಡಿಸ್‌ಫಾರ್ನ್‌ನಲ್ಲಂತೂ ಕ್ಯಾಂಪ್‌ಸೈಟೇ ಇಲ್ಲ. ಕೀಲ್ಡರ್ ಕಾಡಿನ ಕಡೆ ಹೋಗುವುದಾದರೆ ಮಿಜ್ ಎಂಬ ಸಣ್ಣ ಕಚ್ಚುವ ನೊಣಗಳಿಗೆ ಔಷಧಿ ಇಟ್ಟುಕೊಳ್ಳಿ. ಒಂದು ಬೆಳಗ್ಗೆ ಬಿಡುವಿದ್ದರೆ ಸ್ಕಾಟ್ಲೆಂಡ್ ಗಡಿಯ ಬೆರಿಕ್‌ಗೆ ಹೋಗಿ, 16ನೆಯ ಶತಮಾನದ ಕೋಟೆಗೋಡೆಯ ಮೇಲೆ ಊರನ್ನೊಂದು ಸುತ್ತು ಹಾಕಿ. ಅದಕ್ಕೆ ಟಿಕೆಟ್ ಇಲ್ಲ.